ಜೇಡದ ಜಗಲಿ

ಜೇಡಗಳೆಂದರೆ ಪ್ರಾಣ ಬಿಡುತ್ತಿದ್ದ ಪ್ರಫುಲ್ಲಾ, ದೊಡ್ಡ ಕಂಪನಿಗಳ ಹಂಗು ಬೇಡವೆಂದು ತನ್ನದೇ ಪುಟ್ಟ ಸರ್ವರಿನಲ್ಲಿ ‘ಜೇಡದ ಜಗಲಿ’ ಎಂಬ ಜಾಲತಾಣ ತೆರೆದಿದ್ದಳು. ಊರೂರಿನ ಜೇಡಪ್ರಿಯರು ಅಲ್ಲಿ ಫೋಟೋ ಹಾಕಿ ಹರಟುತ್ತಿದ್ದರು. ಯಾರು ಏನೇ ಹಾಕಲಿ, ವಾಮನಮೂರ್ತಿ ಎಂಬ ನಿವೃತ್ತ ಮೇಷ್ಟ್ರು ಕೊಂಕು ತೆಗೆಯುತ್ತಿದ್ದರು.

“ಇದು ಹೆಣ್ಣಲ್ಲ, ಗಂಡು. ಕನ್ನಡಕ ಹಾಕಿಕೊಂಡು ನೋಡಿ.”

ಸದಸ್ಯರ ದೂರು ಕೇಳಿ ಕೇಳಿ ಸಾಕಾಗಿ ಪ್ರಫುಲ್ಲಾ ಅವರಿಗೆ ಫೋನ್ ಮಾಡಿದಳು.

“ಸರ್, ತಪ್ಪು ತಿಳೀಬೇಡಿ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಸ್ವಂತ ತಾಣ ಕಟ್ಟಬಹುದು. ನೀವೂ ಒಂದು ಕಟ್ಟಿಕೊಳ್ಳಿ.”

“ಅಂದರೆ ಹೊರಗೆ ಹೋಗು ಅಂತ.”

“ಹಾಗಲ್ಲ ಸರ್...”

“ಆಯ್ತಮ್ಮ,” ಎಂದು ಮೇಷ್ಟ್ರು ಫೋನಿಟ್ಟರು.

ಜಗಲಿಯಲ್ಲಿ ಶಾಂತಿ ನೆಲೆಸಿತು. ಯಾವ ಫೋಟೋ ಬಂದರೂ ಎಲ್ಲರೂ ‘ಚೆಂದ’ ಎನ್ನುತ್ತಿದ್ದರು. ಬರಬರುತ್ತಾ ಅದೂ ನಿಂತಿತು. ಮಳೆ ಕಳೆದು ಬೇಲಿಬೇಲಿಗೂ ಬಲೆ ಬಿದ್ದರೂ ಒಬ್ಬರೂ ಫೋಟೋ ಹಾಕಲಿಲ್ಲ. ತಾನೊಬ್ಬಳೇ ಬರೆದು ತಾನೊಬ್ಬಳೇ ಓದಿ ಬೇಸತ್ತ ಪ್ರಫುಲ್ಲಾ, ಹಳೆಯ ಸದಸ್ಯೆ ಫೌಜಿಯಾಳನ್ನು ಕೇಳಿದಳು:

“ಎಲ್ಲರೂ ಎಲ್ಲಿ ಹೋದಿರೇ?”

“ಮೇಷ್ಟ್ರ ತಾಣದಲ್ಲಿದ್ದೀವಿ ಕಣೇ. ನಿನ್ನ ಜಗಲೀಲಿ ಫೋಟೋ ನೋಡದೇ ಹೊಗಳ್ತಾರೆ. ಮೇಷ್ಟ್ರು ಬೈದರೂ ನೋಡಿ ಬೈತಾರೆ.”

ಅವಮಾನ ನುಂಗಿಕೊಂಡು ಪ್ರಫುಲ್ಲಾ ಮೇಷ್ಟ್ರ ತಾಣಕ್ಕೆ ಸೇರಲು ಕೋರಿಕೆ ಕಳಿಸಿದಳು. ಉತ್ತರ ತಕ್ಷಣ ಬಂತು:

“ಬೇಗ ಬಂದು ಈ ತಾಣವನ್ನೂ ನೀನೇ ನೋಡಿಕೋ ತಾಯಿ. ಇವರೆಲ್ಲರ ಜಗಳ ಬಿಡಿಸೋದರಲ್ಲಿ ನನ್ನ ಜಗಳಕ್ಕೇ ಪುರುಸೊತ್ತಿಲ್ಲ.”