ಗಂಟೆಯ ಅಂಗಿ

ಆಸ್ಪತ್ರೆಯಿಂದ ವಾಪಸು ಬಂದ ಮುನ್ನೂರು ಬಿಳಿ ಕೋಟುಗಳು ಹೊಲಿಗೆ ಕಾರ್ಖಾನೆಯ ಬಾಗಿಲಲ್ಲಿ ರಾಶಿ ಬಿದ್ದಿದ್ದವು. ಎಲ್ಲಕ್ಕೂ ಎಡತೋಳು ಎರಡು ಬೆರಳು ಗಿಡ್ಡ. ಒಡತಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಷ್ಟೂ ಕೋಟು ಅರವತ್ತು ಜನರ ಕೈ ದಾಟಿ ಹೋಗಿವೆ, ಒಬ್ಬರ ಕಣ್ಣಿಗೂ ಬೀಳಲಿಲ್ಲವೆಂದರೆ ನಂಬುವುದು ಹೇಗೆ?

ಮೂರೇ ಮೆಷಿನ್ನಿದ್ದ ಕಾಲದಲ್ಲಿ ಅವಳೇ ಒಂದು ಹಿತ್ತಾಳೆ ಗಂಟೆ ತೂಗುಹಾಕಿದ್ದಳು. ತಪ್ಪು ಮಾಡಿದವರು ಹಗ್ಗ ಎಳೆಯಬೇಕು, ಉಳಿದವರು ಕೆಲಸ ಬಿಟ್ಟು ಓಡಿಬಂದು ಸರಿ ಮಾಡಬೇಕು, ಆಮೇಲೆ ಬೇಕಾದಷ್ಟು ಗೇಲಿ. ಜನ ಹೆಚ್ಚಿದಂತೆ ಗಂಟೆಯ ಗಲಾಟೆಯೂ ಹೆಚ್ಚಿತು. ಹೋದ ವರ್ಷ ಅವಳು ಹೊಸ ನಿಯಮ ತಂದಳು: ತಿಂಗಳಿಡೀ ಗಂಟೆ ಬಾರಿಸದಿದ್ದರೆ ಕೊನೆಯ ಶನಿವಾರ ಎಲ್ಲರಿಗೂ ಅರ್ಧ ದಿನ ರಜೆ. ಏಳು ತಿಂಗಳಿಂದ ಗಂಟೆಯ ಸದ್ದೇ ಇಲ್ಲ. ಬಂದವರ ಮುಂದೆಲ್ಲ ಅವಳು ಅದನ್ನು ಹೇಳಿ ಬೀಗಿದ್ದೂ ಉಂಟು.

ಈಗ ಎಲ್ಲರನ್ನೂ ಸೇರಿಸೋಣವೆಂದು ಸರಸರ ಹೋಗಿ ಹಗ್ಗ ಎಳೆದಳು. ದಿಂಬಿಗೆ ಗುದ್ದಿದ ಹಾಗೆ ದಪ್ ಎಂದಿತು. ಸ್ಟೂಲು ಹತ್ತಿ ನೋಡಿದರೆ, ಗಂಟೆಯ ನಾಲಿಗೆಗೆ ಹತ್ತಿ ತುಂಬಿದ ಪುಟ್ಟ ಅಂಗಿ. ಕಾಜಾ, ಗುಂಡಿ, ಒಳಮಡಿಕೆ ಎಲ್ಲ ಅಚ್ಚುಕಟ್ಟು. ಆ ಕೈ ಯಾರದೆಂದು ಅವಳಿಗೆ ಗೊತ್ತು. ಸ್ಟೂಲಿನ ಮೇಲಿಂದಲೇ ಕೆಳಗೆ ನೋಡಿದಳು.

"ದೊಡ್ಡಕ್ಕ, ಇದು ನಿಮ್ಮ ಹೊಲಿಗೆ ಅಲ್ವಾ?"

ಮೊದಲ ದಿನದಿಂದ ಜೊತೆಗಿದ್ದ ದೊಡ್ಡಕ್ಕ ಗಂಟೆಯ ಕೆಳಗೇ ಕೂತಿದ್ದಳು. ಸೂಜಿಯಿಂದ ಕಣ್ಣೆತ್ತಲಿಲ್ಲ. "ಹೌದು ಮೇಡಂ."

"ನೀವೂ ಹೀಗೆ ಮಾಡೋದಾ? ಯಾಕೆ?"

"ಬಟ್ಟೆ ಕತ್ತರಿಸೋಕೆ ಹೊಸಬಳು ಬಂದ್ಳಲ್ಲ, ಬಂದ ತಿಂಗಳೇ ಎರಡು ಸಲ ಬಾರಿಸಿದ್ಳು. ಶನಿವಾರ ಹೋಯ್ತು. ಮಾರನೇ ವಾರ ಊಟಕ್ಕೆ ಒಬ್ಬರೂ ಅವಳ ಪಕ್ಕ ಕೂರಲಿಲ್ಲ. ಗೋಡೆಗೆ ಮುಖ ಮಾಡ್ಕೊಂಡು ತಿಂದ್ಳು. ನೋಡೋಕಾಗ್ಲಿಲ್ಲ ನನಗೆ. ಇದನ್ನ ಹೊಲಿದು ಹಾಕ್ದೆ. ದಪ್ ಅಂದ್ರೆ ನನಗೊಬ್ಬಳಿಗೆ ಕೇಳ್ಸುತ್ತೆ, ಹೋಗಿ ಸರಿ ಮಾಡಿ ಬರ್ತಿದ್ದೆ."

"ಹಾಗಾದ್ರೆ ಕೋಟು?"

"ಅದರ ತೋಳು ಕತ್ತರಿಸಿದ ದಿನ ನನಗೆ ಜ್ವರ. ಬಂದಿರಲಿಲ್ಲ."

"ಅವಳಾದ್ರೂ ಹಗ್ಗ ಎಳೀಬಾರದಿತ್ತಾ?"

"ಎಳೆದ್ಳಂತೆ. ಮೂರು ಸಲ." ದೊಡ್ಡಕ್ಕ ಈಗ ತಲೆಯೆತ್ತಿದಳು. ಎಷ್ಟೋ ವರ್ಷಗಳ ಮೇಲೆ ಮೇಡಂ ಎನ್ನುವುದನ್ನು ಬಿಟ್ಟು ಮಾತಾಡಿದಳು. "ಎಳೆದಿದ್ದನ್ನ ಎಲ್ಲರೂ ನೋಡಿದ್ರು ಕಣೇ. ಯಾರೂ ಏಳಲಿಲ್ಲ."

ಒಡತಿಗೆ ನಾಚಿಕೆಯಾಯಿತು. ನಿಯಮ ತನ್ನದು, ಹೊಸಬಳನ್ನು ಗೋಡೆಗೆ ತಿರುಗಿಸಿ ಕೂರಿಸಿದ್ದೂ ತಾನೇ. ಗುಂಡಿ ಬಿಚ್ಚಿ ಆ ಅಂಗಿಯನ್ನು ಕಳಚಿದಳು. ತಪ್ಪು ಮಾಡಿದವರು ಎಳೆಯಬೇಕು ಎಂದಿದ್ದವಳೂ ಅವಳೇ ತಾನೆ? ಜೋರಾಗಿ ಎಳೆದಳು.

ಢಣ್ ಎಂದು ಇಡೀ ಕಾರ್ಖಾನೆ ತುಂಬಿತು. ಮೆಷಿನ್ನುಗಳೆಲ್ಲ ಒಟ್ಟಿಗೆ ನಿಂತವು. ಈ ಸಲದ ತಪ್ಪು ತನ್ನದೆಂದು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ, ಹಿಂದಿನ ಸಾಲಿನಿಂದ ಯಾರೋ ಗೊಣಗಿದರು:

"ಹೋಯ್ತು, ಈ ತಿಂಗಳ ಶನಿವಾರ ಹೋಯ್ತು."