ನುಚ್ಚಿನ ಕದ

ನಡುಹಗಲಿಗೆ ಉಕ್ಕನ್ನೂ ಕೆಂಪಗೆ ಕಾಯಿಸುವ ಬಿಸಿಲಿನ ಊರದು. ಅಲ್ಲಿ ಕದ ಗಟ್ಟಿಯಿದ್ದರಷ್ಟೇ ಜೀವ ಗಟ್ಟಿ. ನೀಲಗಂಗವ್ವ ತನ್ನ ಸ್ಟೀಲಿನ ಕದದಿಂದ ಬಿಸಿಲಿಗೆ ಸುಟ್ಟು ಉದುರಿದ ಕರಿ ಹಕ್ಕಳೆಗಳನ್ನು ಇವತ್ತೂ ಗುಡಿಸಿದಳು. ಎದುರುಮನೆಯ ಕದಕ್ಕೆ ಉದುರದ ತೆಳುವಾದ ಪೊರೆಯೊಂದು ಕಟ್ಟಿತ್ತು, ಅಷ್ಟೇ.

"ರವಾದಂಥ ಸಣ್ಣ ಹರಳಿನ ಸ್ಟೀಲು ತರ್ರಿ ಅಂದಿದ್ದೆ. ನೀವು ನುಚ್ಚಿನಂಥಾದ್ದು ತಂದ್ರಿ."

"ದೊಡ್ಡ ಹರಳು ಹೂವಿನಂಗ ಚಂದ ಕಾಣತಿದ್ವು," ಎಂದ ಗಂಡ ಗುರಪಾದಪ್ಪ, ಪುರಾಣದಿಂದ ತಲೆಯೆತ್ತದೆ.

"ಸಣ್ಣ ಹರಳಿದ್ರ ಪೊರಿ ಬಿಗಿಯಾಗಿ ಕಟ್ಟಿ ಕಾಯತದ. ಇದರ ಪೊರಿ ದಿನಾ ಕಳಚತದ, ಕದ ದಿನಾ ಸವೀತದ."

ಅಷ್ಟರಲ್ಲಿ ಕದದಲ್ಲೊಂದು ಸೂಜಿತೂತು ಬಿತ್ತು. ಏರುಬಿಸಿಲಿನ ಎಳೆಯೊಂದು ಒಳಬಂದು ತಾಕಿದ್ದೇ ಪುರಾಣದ ಹಾಳೆ ಹೊಗೆಯಾಡಿತು.

ನೀಲಗಂಗವ್ವ ದೇವರ ಜಗಲಿಯ ಮೇಲಿನ ಬಸವಣ್ಣನ ಮೂರ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ನಡುಹಗಲಾಗೂದ್ರಾಗ ನಾನೂ ಬಸವಣ್ಣನೂ ಎದುರುಮನಿ ಸೇರತೀವಿ. ನೀವು ನಿಮ್ಮ ಹೂವು ನೋಡ್ಕೋತ ಕೂಡ್ರಿ."

ಗುರಪಾದಪ್ಪ ಪುರಾಣ ಮುಚ್ಚಿ ಚಪ್ಪಲಿ ಹುಡುಕಿದ.