ಬೆಂಕಿಯಲ್ಲಿ ಉಳಿದ ಹೊಗೆಸೊಪ್ಪು

ಬೇಯಿಸುವ ಮುಂಚೆ ಕಡ್ಡಿಗೆ ಕಟ್ಟುವಾಗ ಆಡಿದ ಮಾತನ್ನು ಹೊಗೆಸೊಪ್ಪು ಹಿಡಿದಿಟ್ಟುಕೊಳ್ಳುತ್ತಿತ್ತು. ಒಣಗಿದ ಎಲೆಗೆ ನೀರು ಚಿಮುಕಿಸಿದರೆ ಒಂದೇ ಸಲ ನುಡಿಯುತ್ತಿತ್ತು. ಹುಣಸೂರಿನ ಕಡೆಯ ಅವರ ಊರಲ್ಲಿ ಆ ಬೆಳೆ ನಿಂತು ನಲವತ್ತು ವರ್ಷವಾಗಿತ್ತು. ಸೊಪ್ಪನ್ನು ಕಾವಿನಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆ ಸುಟ್ಟ ದಿನ ಉಳಿದ, ಅವ್ವ ಕಟ್ಟಿದ್ದ ಎಲೆಯೊಂದು ಪುಟ್ಟತಾಯಿಯ ಬಳಿ ಇತ್ತು. ಆಗಿನ್ನೂ ಹುಡುಗಿಯಾಗಿದ್ದ ತಾನು ಕಟ್ಟಿದ ಸಡಿಲ ಗಂಟು ಬಿಚ್ಚಿ, ಸೊಪ್ಪು ಕೆಳಗಿನ ಕಾದ ಕೊಳವೆಯ ಮೇಲೆ ಬಿದ್ದೇ ಬೆಂಕಿ ಹತ್ತಿತೆಂಬ ಭಯ ಅವಳಿಗೆ. ಯಾರಿಗೂ ಹೇಳಿರಲಿಲ್ಲ.

"ಇನ್ನೆಷ್ಟು ದಿನ ಮುಚ್ಚಿಡ್ತೀಯೇ? ಹುಳ ಕೇಳಿಸ್ಕೊಂಡು ಹೋಗ್ತವೆ," ಎಂದಳು ಪಕ್ಕದ ಮನೆಯ ಮುದುಕಿ ಜವರಮ್ಮ.

ಪುಟ್ಟತಾಯಿ ನೀರು ಚಿಮುಕಿಸಿದಳು. ಎಲೆ ಮೆತ್ತಗಾಗಿ, ಬೆಲ್ಲದ ಘಮದೊಳಗಿಂದ ಅವ್ವ ನಕ್ಕಳು.

"ನಮ್ಮ ಪುಟ್ಟಿ ಕಟ್ಟಿದ್ದನ್ನೆಲ್ಲ ಬಿಚ್ಚಿ ನಾನೇ ಬಿಗಿಯಾಗಿ ಕಟ್ಟಿದೀನಿ ಕಣೇ ಜವರಿ. ಅವಳಿಗೆ ಹೇಳ್ಬೇಡ, ನೊಂದ್ಕೋತಾಳೆ."

ಎಲೆ ಸುಮ್ಮನಾಯಿತು.

"ನೋಡು," ಎಂದಳು ಜವರಮ್ಮ ಹೆಮ್ಮೆಯಿಂದ, "ಇವತ್ತಿನವರೆಗೂ ನಾನು ಬಾಯಿ ಬಿಟ್ಟಿರಲಿಲ್ಲ."